ಮಗಳ ಮೊಣಕಾಲಿನ ಪಂಚಾತಿಕೆ

ಆ ಶುಕ್ರವಾರ ಸಂಜೆ ಮಗಳು ಗಾಳಿಯಲ್ಲಿ ಹಾರಿ ಚೆಂಡು ಹಿಡಿದಳು. ನಾವೆಲ್ಲ ಚಪ್ಪಾಳೆ ಹೊಡೆದೆವು. ನೆಲಕ್ಕೆ ಬಂದವಳು ಎದ್ದು ನಿಲ್ಲುತ್ತಾಳೆಂದು ನೋಡಿದರೆ ನಿಲ್ಲಲಿಲ್ಲ. ಎಡ ಮೊಣಕಾಲನ್ನು ಎರಡೂ ಕೈಗಳಲ್ಲಿ ಅವುಚಿಕೊಂಡು ಮಗ್ಗುಲಾಗಿ ಮಲಗಿದಳು. ಯಾರೂ ಅವಳನ್ನು ಮುಟ್ಟಿರಲಿಲ್ಲ, ಹತ್ತಿರದಲ್ಲಿ ಯಾರೂ ಇರಲೂ ಇಲ್ಲ. ಚಪ್ಪಾಳೆ ಹೊಡೆಯುತ್ತಿದ್ದ ನನ್ನ ಕೈಗಳು ಹಾಗೆಯೇ ಒಂದಕ್ಕೊಂದು ಅಂಟಿಕೊಂಡವು.

ಅದು ನಮ್ಮೂರಿನವರಿಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಅಮೆರಿಕದವರು ಆಡುವುದು, ಅದರಲ್ಲೂ ಸ್ವಲ್ಪ ಸಾಧು ಜಾತಿಯದು. ಚೆಂಡು ಎರಡೂ ತುದಿಗೆ ಚೂಪಾಗಿರುತ್ತದೆ, ಅದನ್ನು ಕೈಯಲ್ಲೇ ಎಸೆದು ಕೈಯಲ್ಲೇ ಹಿಡಿಯಬೇಕು. ಸೊಂಟಕ್ಕೆ ಎರಡು ಪಟ್ಟಿ ತೂಗಾಡುತ್ತಿರುತ್ತವೆ. ಎದುರಾಳಿಯನ್ನು ಕೆಡವುವ ಬದಲು ಆ ಪಟ್ಟಿಯನ್ನು ಕಿತ್ತರೆ ಸಾಕು, ಓಟ ಅಲ್ಲಿಗೆ ಮುಗಿಯಿತು. ಮಗಳು ಅದರಲ್ಲಿ ರಿಸೀವರ್. ಅಂಚಿನ ಗೆರೆಯ ಹತ್ತಿರ ಒಬ್ಬಳೇ ನಿಂತಿರುತ್ತಾಳೆ. ಆಟ ಶುರುವಾದ ಕೂಡಲೇ ಮುಂದಕ್ಕೆ ಓಡಿ, ಬೆನ್ನು ಹತ್ತಿದವಳನ್ನು ಯಾಮಾರಿಸಿ, ಗಕ್ಕನೆ ತಿರುಗಿ, ತನ್ನತ್ತ ಬರುವ ಚೆಂಡನ್ನು ಹಿಡಿಯುವುದು ಅವಳ ಕೆಲಸ. ಇಷ್ಟನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಅದನ್ನು ಅವಳಿಗೆ ಕಲಿಸಿದವರು ಮಸ್ಕತ್ತಿನ ರೂವಿಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಮಂಗಳೂರಿನ ಒಬ್ಬರು ಕ್ರಿಶ್ಚಿಯನ್. ಹಿಂದೆ ಅಮೆರಿಕನ್ನರ ಜೊತೆ ಕೆಲಸ ಮಾಡುತ್ತಿದ್ದಾಗ ಈ ಆಟ ಅವರಿಗೆ ಅಂಟಿಕೊಂಡಿತ್ತು. ಶುಕ್ರವಾರ ಸಂಜೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಕಡೆ ಒಂದು ಮೈದಾನದಲ್ಲಿ ಶಾಲೆ ಕಾಲೇಜಿನ ಹುಡುಗಿಯರನ್ನು ಸೇರಿಸಿ ಆಡಿಸುತ್ತಿದ್ದರು. ನಾವು ಅವರನ್ನು ಕೋಚ್ ಎಂದೇ ಕರೆಯುತ್ತಿದ್ದೆವು. ಮೊದಮೊದಲು ಮಕ್ಕಳನ್ನು ಬಿಟ್ಟು ಹೋಗಲು ಬರುತ್ತಿದ್ದ ನಮ್ಮ ಕರಾವಳಿಯ ನಾಲ್ಕಾರು ಮನೆಯವರು ಕ್ರಮೇಣ ಅಲ್ಲೇ ನಿಲ್ಲತೊಡಗಿದರು. ಆಮೇಲೆ ಚಹಾದ ಫ್ಲಾಸ್ಕ್ ಬಂತು, ಮಡಚುವ ಕುರ್ಚಿಗಳು ಬಂದವು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬರು ಹಿರಿಯರಂತೂ, ತಮ್ಮ ಮನೆಯ ಮಕ್ಕಳು ಯಾರೂ ಆಡದಿದ್ದರೂ, ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಪ್ರಾಯದಲ್ಲಿ ಊರಿನ ಕಬಡ್ಡಿ ತಂಡದಲ್ಲಿ ಇದ್ದವರು ಅವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಮಗಳು ಆಗ ಹನ್ನೆರಡನೆಯ ತರಗತಿ. ರಜೆಯಲ್ಲಿ ಊರಿಗೆ ಹೋಗಿ, ಭಾರತದ ಹುಡುಗಿಯರ ತಂಡಕ್ಕೆ ಆಯ್ಕೆ ಮಾಡುವ ಶಿಬಿರದಲ್ಲಿ ಭಾಗವಹಿಸುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಇದು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಎಲುಬಿನ ಡಾಕ್ಟರು, ಮೊಣಕಾಲಿನೊಳಗಿನ ಲಿಗಮೆಂಟ್ ಹರಿದಿದೆ ಎಂದರು. ಎರಡು ಎಲುಬುಗಳನ್ನು ಹಿಡಿದಿಡುವ ಹಗ್ಗದಂಥದ್ದು ಅದು. ಆಮೇಲೆ ಅವರು ಹೇಳಿದ್ದು ನನ್ನ ನೆಮ್ಮದಿಯನ್ನೇ ಕೆಡಿಸಿತು.

“ನಡೆದಾಡಿಕೊಂಡು, ಓದಿಕೊಂಡು, ಕೆಲಸ ಮಾಡಿಕೊಂಡು ಇರುವುದಾದರೆ ವ್ಯಾಯಾಮದಲ್ಲೇ ಸರಿಹೋಗಬಹುದು. ಹೀಗೆ ಓಡಿ, ತಿರುಗಿ, ಹಾರಿ ಆಡಬೇಕು ಅಂತಿದ್ದರೆ ಆಪರೇಷನ್ ಬೇಕು. ಮಾಡಿಸಿದರೂ ಮೊದಲಿನ ಹಾಗೇ ಆಗುತ್ತದೆ ಅಂತ ಖಾತ್ರಿ ಕೊಡಲಾರೆ. ಅವಳಿಗೆ ಆಟ ಎಷ್ಟು ಮುಖ್ಯ ಅಂತ ನೀವು ಮನೆಯವರು ಯೋಚಿಸಿ.”

ನನ್ನ ಗಂಡ ಆಗ ಒಮಾನಿನ ಉತ್ತರ ತುದಿಯ ಖಸಬ್‌ನ ಬಂದರಿನ ಒಂದು ಆಫೀಸಿನಲ್ಲಿದ್ದರು. ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು. ಡಾಕ್ಟರು ಹೇಳಿದ್ದನ್ನೆಲ್ಲ ಫೋನಿನಲ್ಲಿ ಎರಡು ಸಲ ಹೇಳಿಸಿಕೊಂಡರು.

“ಅಷ್ಟು ಒಳ್ಳೆ ಆಡ್ತಾಳಾ ಅವಳು? ಕೊಯ್ಸಿಕೊಳ್ಳುವಷ್ಟು?” ಎಂದರು ಕೊನೆಗೆ.

ನಾನು ಅವಳ ತಾಯಿ. ಅವಳು ಚೆಂಡು ಹಿಡಿದರೆ ಚಪ್ಪಾಳೆ ಹೊಡೆಯುತ್ತಿದ್ದೆ, ಬಿಟ್ಟರೂ ಹೊಡೆಯುತ್ತಿದ್ದೆ.

ಮುಂದಿನ ಶುಕ್ರವಾರ ಆಟ ಮುಗಿದ ಮೇಲೆ ಎಲ್ಲರೂ ನಮ್ಮ ಮನೆಗೇ ಬಂದರು. ಮಗಳು ಒಳಗಿನ ಕೋಣೆಯಲ್ಲಿ ಕಾಲ ಕೆಳಗೆ ದಿಂಬಿಟ್ಟುಕೊಂಡು ಮಲಗಿದ್ದಳು. ಅವಳನ್ನು ಮಾತಾಡಿಸಿ ಬಂದು, ಹಾಲಿನಲ್ಲಿ ಕೂತು, ಪಂಚಾತಿಕೆ ಶುರು ಮಾಡಿದರು.

“ಕಬಡ್ಡಿಯಲ್ಲಿ ನನ್ನ ಮಂಡಿ ಎಷ್ಟು ಸಲ ಹೋಗಿಲ್ಲ ಮಾರಾಯ್ರೆ,” ಎಂದರು ಅಣ್ಣ. “ಎಣ್ಣೆ ಹಾಕಿ ಕಟ್ಟಿ ಬಿಗಿದ್ರೆ ಮುಗೀತು. ನಮ್ಮ ಹುಡುಗಿ ಮಳೆಗಾಲದೊಳಗೆ ಪುನಃ ಓಡ್ತಾಳೆ, ಬರೆದಿಟ್ಟುಕೊಳ್ಳಿ.”

“ಅದು ಉಳುಕಿದ್ದು ಅಣ್ಣ, ಇದು ಹರಿದದ್ದು,” ಎಂದರು ಕೋಚ್. “ಎರಡಕ್ಕೂ ಅಜಗಜಾಂತರ ಉಂಟು.”

“ಅವಳ ಹಾಗೆ ಓಡುವವರು ಯಾರಿದ್ದಾರೆ ಹೇಳಿ ನೋಡುವ.”

“ಓಟ ಮಾತ್ರ ಸಾಕಾಗುದಿಲ್ಲ. ರಿಸೀವರ್ ಅಂದ್ರೆ ತಿರುಗಬೇಕು. ಫುಲ್ ಸ್ಪೀಡಲ್ಲಿ ಹೋಗ್ತಾ ಇದ್ದವಳು ಒಂದೇ ಕಾಲಿನ ಮೇಲೆ ನಿಂತು ತಿರುಗಬೇಕು. ಇವಳು ತಿರುಗುದು ಅದೇ ಎಡಗಾಲಿನ ಮೇಲೆ.”

“ಆಪರೇಷನ್ ಮಾಡಿಸಿದವರು ಯಾರೂ ಆಡುದಿಲ್ವಾ ಹಾಗಾದ್ರೆ?”

“ಆಡ್ತಾರೆ. ಕೆಲವರು ಮೊದಲಿಗಿಂತ ಚಂದ ಆಡ್ತಾರೆ. ಕೆಲವರಿಗೆ ಕಾಲು ಸರಿ ಆದ್ರೂ ಮನಸ್ಸಿನ ಹೆದರಿಕೆ ಹೋಗುದಿಲ್ಲ.”

ಕೋಚ್ ಅವರ ಹೆಂಡತಿ, ನಾವೆಲ್ಲ ಬಾಯಮ್ಮ ಎನ್ನುತ್ತಿದ್ದವರು, ನಡುವೆ ಬಾಯಿ ಹಾಕಿದರು. “ನಿಮಗಿಬ್ಬರಿಗೂ ಚೆಂಡಿನದ್ದೇ ಚಿಂತೆ. ಪರೀಕ್ಷೆ ಹತ್ತಿರ ಬಂತು. ನಾಳೆ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ್ಕೊಳ್ಳಿಕ್ಕೆ ಆಗದಿದ್ರೆ ಎಂತ ಮಾಡ್ತೀರಿ?”

ನಾನು ಚಹಾ ಸೋಸುತ್ತ ಅಡುಗೆಮನೆಯಲ್ಲೇ ನಿಂತೆ. ಅರೆ ತೆರೆದಿದ್ದ ಕೋಣೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಅವಳಿಗೆ ಎಲ್ಲ ಕೇಳಿಸುತ್ತಿದೆಯೆಂದು ಗೊತ್ತಿತ್ತು. ಹೋಗಿ ಬಾಗಿಲು ಮುಚ್ಚಿದರೆ ಮುಚ್ಚಿದ್ದೇ ಒಂದು ಮಾತಾಗುತ್ತದೆ. ಮುಚ್ಚಲಿಲ್ಲ.

ಎರಡು ಮೂರು ವಾರ ಹೀಗೇ ನಡೆಯಿತು. ಆಫೀಸಿನಲ್ಲಿ ಕೂತಲ್ಲೂ ನನ್ನ ಮೊಬೈಲು ಗುಂಯ್‌ಗುಡುತ್ತಿತ್ತು. ಯಾರೋ ಒಬ್ಬರು ಯಾವುದೋ ದೇಶದ ಆಟಗಾರ ಚೇತರಿಸಿಕೊಂಡ ವೀಡಿಯೊ ಕಳಿಸುವುದು, ಮತ್ತೊಬ್ಬರು ಚೇತರಿಸಿಕೊಳ್ಳದವನ ಸುದ್ದಿ ಹಾಕುವುದು. ಬಿಲ್ಲುಗಳನ್ನು ನೋಡುತ್ತಿದ್ದರೂ ನನ್ನ ಕಣ್ಣಿಗೆ ಆ ಮೊಣಕಾಲೇ ಬರುತ್ತಿತ್ತು. ಆಪರೇಷನ್ ಮಾಡಿಸಿ ಆಟ ಬರದೇ ಹೋದರೆ ಸುಮ್ಮನೆ ಮಗುವನ್ನು ಕೊಯ್ಸಿದ ಹಾಗಾಯಿತು. ಮಾಡಿಸದೇ ಬಿಟ್ಟರೆ, ನಾಳೆ ಅವಳು “ನೀನೇ ಬೇಡ ಅಂದದ್ದು” ಎಂದುಬಿಟ್ಟರೆ? ಬಸ್ಸಿನಲ್ಲಿ ಮನೆಗೆ ಬರುವಾಗ ಎಷ್ಟೋ ಸಲ ನಮ್ಮ ಸ್ಟಾಪನ್ನು ದಾಟಿ ಮುಂದೆ ಹೋಗಿ ಇಳಿದಿದ್ದೇನೆ.

ಒಂದು ಸಂಜೆ ಮೆಟ್ಟಿಲಿನಲ್ಲಿ ಕೋಚ್ ಎದುರಾದರು. ಅವರನ್ನು ನಿಲ್ಲಿಸಿಯೇ ಬಿಟ್ಟೆ.

“ಒಂದು ಸತ್ಯ ಹೇಳ್ಬೇಕು ನೀವು. ನನ್ನ ಮನಸ್ಸಿಗೆ ಬೇಜಾರಾಗ್ತದೆ ಅಂತ ನೋಡ್ಬೇಡಿ. ಅವಳು ನಿಜಕ್ಕೂ ಅಷ್ಟು ಒಳ್ಳೆ ಆಟಗಾರ್ತಿಯಾ? ಭಾರತ ತಂಡಕ್ಕೆಲ್ಲ ಹೋಗುವಷ್ಟು?”

ಅವರು ಕೈಯಲ್ಲಿದ್ದ ತರಕಾರಿ ಚೀಲವನ್ನು ಮೆಟ್ಟಿಲ ಮೇಲಿಟ್ಟರು. “ಗೊತ್ತಿಲ್ಲ ಅಕ್ಕ,” ಎಂದರು. “ನಾನು ಇಲ್ಲಿ ಶುಕ್ರವಾರ ಮಕ್ಕಳನ್ನು ಆಡಿಸುವವ. ನಾನು ನೋಡಿದ ಹುಡುಗಿಯರಲ್ಲಿ ಅವಳೇ ಚಂದ. ಆದ್ರೆ ನಾನು ನೋಡಿದ್ದೇ ಎಷ್ಟು? ನನ್ನ ಮಾತಿನ ಮೇಲೆ ನೀವು ಕಾಲು ಕೊಯ್ಸುದು ಬೇಡ, ಕೊಯ್ಸದೆ ಬಿಡುದೂ ಬೇಡ.”

ನಾನು ಕೇಳಿದ್ದನ್ನು ಅವರು ಉಳಿದವರಿಗೂ ಹೇಳಿರಬೇಕು. ಆ ವಾರ ಬಂದವರು ಅಂಜಲ್ ಮೀನಿನ ಬಗ್ಗೆ ಮಾತಾಡಿದರು, ಸೆಕೆಯ ಬಗ್ಗೆ ಮಾತಾಡಿದರು. ಅಣ್ಣ ತಮ್ಮ ಅಂಗಡಿಗೆ ಬಂದ ಹೊಸ ಮ್ಯಾನೇಜರನ ಕತೆ ಹೇಳಿದರು. ಮೊಣಕಾಲಿನ ಸುದ್ದಿ ಯಾರೂ ಎತ್ತಲಿಲ್ಲ. ಬೇಗ ಎದ್ದು ಹೊರಟರು. ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ.

ಅವರು ಹೋದ ಮೇಲೆ ಮಗಳು ಊರುಗೋಲು ಊರಿಕೊಂಡು ಹಾಲಿಗೆ ಬಂದಳು.

“ಅಮ್ಮ, ವೈ ಆರ್ ದೇ ನಾಟ್ ಫೈಟಿಂಗ್?”

“ಯಾರು?”

“ಅಂಕಲ್ ಎಲ್ಲ. ನನ್ನ ಬಗ್ಗೆ ಇವತ್ತು ಯಾಕೆ ಜಗಳ ಆಡ್ಲಿಲ್ಲ? ಡಾಕ್ಟರ್ ಬೇರೆ ಏನಾದ್ರೂ ಹೇಳಿದ್ರಾ? ಇಸ್ ಇಟ್ ಓವರ್?”

ನಾನು ದಂಗಾಗಿ ಕೂತೆ. ಆ ಜಗಳ ಕೇಳಿ ಅವಳು ಒಳಗೆ ಕೊರಗುತ್ತಿದ್ದಾಳೆಂದು ನಾನು ಇಷ್ಟು ದಿನ ಬೇಯುತ್ತಿದ್ದೆ. ಅವಳೋ ಅದನ್ನೇ ಆಸರೆ ಮಾಡಿಕೊಂಡು ಮಲಗುತ್ತಿದ್ದಳು. ನಾಲ್ಕು ಜನ ದೊಡ್ಡವರು ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದಾರೆಂದರೆ ತಾನು ಇನ್ನೂ ಆಟಗಾರ್ತಿಯೇ ಎಂದು ಅವಳ ಲೆಕ್ಕ.

“ಡಾಕ್ಟರು ಬೇರೆ ಎಂತದೂ ಹೇಳ್ಲಿಲ್ಲ,” ಎಂದೆ. “ನಾನು ಕೋಚ್ ಹತ್ರ ಕೇಳಿದೆ, ಅವಳು ಅಷ್ಟು ಒಳ್ಳೆ ಆಡ್ತಾಳಾ ಅಂತ. ಅದಕ್ಕೇ, ತಮ್ಮ ಮಾತು ಕೇಳಿ ನಾವು ಎಂತಾದ್ರೂ ಮಾಡಿಬಿಡ್ತೇವೆ ಅಂತ ಎಲ್ಲರೂ ಹೆದರಿದ್ದಾರೆ.”

“ಅವರೇನಂದ್ರು?”

“ಗೊತ್ತಿಲ್ಲ ಅಂದ್ರು.”

ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಊರುಗೋಲನ್ನು ಸೋಫಾಕ್ಕೆ ಒರಗಿಸಿ ನನ್ನ ಪಕ್ಕ ಕೂತಳು. “ನನಗೂ ಗೊತ್ತಿಲ್ಲ. ನೀನು ನನ್ನ ಹತ್ರ ಮಾತ್ರ ಕೇಳ್ಲೇ ಇಲ್ಲ ಅಮ್ಮ.”

“ಈಗ ಕೇಳ್ತಿದ್ದೇನೆ.”

“ಆಪರೇಷನ್ ಬೇಕು. ಸೆಲೆಕ್ಟ್ ಆಗ್ಲಿಕ್ಕೆ ಅಲ್ಲ. ಸೆಲೆಕ್ಟ್ ಆಗದಿದ್ರೆ, ಅದು ನಾನು ಚೆನ್ನಾಗಿ ಆಡದ್ದರಿಂದ ಆಗಿರ್ಬೇಕು. ಕಾಲಿಂದ ಅಲ್ಲ.”

ಅದೇ ಮಾತನ್ನು ಗಂಡನಿಗೆ ಫೋನಿನಲ್ಲಿ ಹೇಳಿದೆ. “ಹಾಗಾದ್ರೆ ಮಾಡಿಸುವ,” ಎಂದರು. ರಜೆ ಹಾಕಿ ಖಸಬ್‌ನಿಂದ ವಿಮಾನದಲ್ಲಿ ಬಂದರು. ಆಪರೇಷನ್ ಆಗುವಷ್ಟು ಹೊತ್ತೂ ಆಸ್ಪತ್ರೆಯ ಪಡಸಾಲೆಯಲ್ಲಿ ನಾವಿಬ್ಬರು, ನಮ್ಮೆದುರು ಕೋಚ್, ಬಾಯಮ್ಮ, ಅಣ್ಣ. ಅಂಗಡಿಗೆ ರಜೆ ಹೇಳಿ ಬಂದಿದ್ದ ಅಣ್ಣ ತಮ್ಮದೇ ಮಂಡಿಯನ್ನು ಉಜ್ಜಿಕೊಳ್ಳುತ್ತ ಕೂತಿದ್ದರು.

ಆಮೇಲಿನದ್ದೇ ಕಷ್ಟದ ಕಾಲ. ಕಾಲು ಮಡಚಿಸುವಾಗ ಅವಳು ನನ್ನ ಮೇಲೆ ಕಿರುಚುತ್ತಿದ್ದಳು. ತೊಡೆ ಸಣಕಲಾಗಿ ಎರಡು ಕಾಲು ಎರಡು ಬೇರೆ ಹುಡುಗಿಯರದ್ದೇನೋ ಎನಿಸುತ್ತಿತ್ತು. ಇದರ ನಡುವೆಯೇ ಪರೀಕ್ಷೆಗೂ ಹೋಗಿ ಬಂದಳು. ಆ ವರ್ಷದ ಶಿಬಿರ ಅವಳಿಲ್ಲದೆ ಮುಗಿಯಿತು. ಆ ದಿನ ಅವಳು ಊಟ ಮಾಡಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಕಾಲೇಜನ್ನು ಒಂದು ವರ್ಷ ಮುಂದೆ ಹಾಕಿದೆವು. ಬೇಸಿಗೆಯ ಧಗೆ ಇಳಿದ ಮೇಲೆ ನಮ್ಮ ಕಟ್ಟಡದ ಹಿಂದೆ ಮೆಲ್ಲನೆ ಓಡಲು ಶುರು ಮಾಡಿದಳು. ಮತ್ತೊಂದು ಚಳಿಗಾಲ ಬಂದಾಗ ಡಾಕ್ಟರು ಆಡಬಹುದೆಂದರು.

ಮೊದಲ ಸಂಜೆ ಎರಡು ಚೆಂಡು ಬಿಟ್ಟಳು. ಮೂರನೆಯದಕ್ಕೆ ಹಾರದೆ, ನಿಂತಲ್ಲೇ ಕಾದು ಹಿಡಿದಳು. ಮೊದಲಾದರೆ ಹಾರುತ್ತಿದ್ದಳು. ಎಡಗಾಲಿನ ಮೇಲೆ ತಿರುಗುವಾಗ ಒಂದು ಚೂರು ತಡೆಯುತ್ತಿದ್ದಳು. ಆಟ ಗೊತ್ತಿಲ್ಲದ ನನಗೂ ಅದು ಕಂಡಿತು.

ಈಗ ಅವಳು ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಈ ಸಲ ಶಿಬಿರಕ್ಕೆ ಕರೆ ಬಂತು, ಹೋಗಿ ಬಂದಳು. ತಂಡದಲ್ಲಿ ಸೇರಿಸಿಕೊಂಡಿಲ್ಲ, ಯಾರಿಗಾದರೂ ಪೆಟ್ಟಾದರೆ ಕರೆಯುತ್ತೇವೆಂದು ಹೇಳಿದ್ದಾರಂತೆ. “ಯಾರಿಗೂ ಪೆಟ್ಟಾಗುದು ಬೇಡ ಅಮ್ಮ, ನೆಕ್ಸ್ಟ್ ಇಯರ್ ನೋಡುವ,” ಎಂದಳು. ಸ್ವರದಲ್ಲಿ ಬೇಸರವಿತ್ತು, ಆದರೆ ಅದು ಸಾಮಾನ್ಯ ಬೇಸರ.

ಗಂಡ ಮಸ್ಕತ್ತಿಗೇ ವರ್ಗವಾಗಿ ಬಂದಿದ್ದಾರೆ. ಅವಳ ಗೆಳತಿಯರು ತೆಗೆದು ಕಳಿಸಿದ ಆಟದ ವೀಡಿಯೊಗಳನ್ನು ಇಬ್ಬರೂ ಒಟ್ಟಿಗೆ ನೋಡುತ್ತೇವೆ. ಅದೆಲ್ಲ ನಡೆದು ಮುಗಿದ ಆಟ, ಅವಳು ಆಗಲೇ ಕ್ಷೇಮವಾಗಿ ಹಾಸ್ಟೆಲಿಗೆ ಮರಳಿ ಆಗಿರುತ್ತದೆ. ಆದರೂ ಅವಳು ನೆಲ ಬಿಟ್ಟು ಮೇಲೆದ್ದ ಕೂಡಲೇ ನಾನು ಕಣ್ಣು ಮುಚ್ಚುತ್ತೇನೆ. ಗಂಡ “ಇಳಿದಳು, ನಿಂತಿದ್ದಾಳೆ, ನೋಡು” ಎಂದ ಮೇಲೆಯೇ ತೆರೆಯುವುದು.