ಪರದೆ ‘ನಿಂತಿದೆ’ ಎಂದಿತು

2006ನೇ ಇಸವಿ, ಗೌರಿ ಹಬ್ಬಕ್ಕೆ ಮುಂಚಿನ ವಾರ, ಬೆಳಗಿನ ಟೀ ಬರುವ ಹೊತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್‌ನಲ್ಲಿ ನಾನು ಕೆಲಸಕ್ಕಿದ್ದ ಶೆಡ್ಡಿನ ಒಳಗೆ, ಗಾಜಿನ ಗೋಡೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಎಡಕ್ಕೆ ಕಂಪ್ಯೂಟರ್ ಕೋಣೆ, ಬಲಕ್ಕೆ ಯಂತ್ರ. ಪರದೆಯನ್ನೂ ಯಂತ್ರವನ್ನೂ ಒಟ್ಟಿಗೆ ನೋಡಬಹುದಾದ ಜಾಗ ಆ ಶೆಡ್ಡಿನಲ್ಲಿ ಅದೊಂದೇ. ಹಾಗಾಗಿ ಅಂದು ನಡೆದದ್ದನ್ನು ಎರಡೂ ಕಡೆಯಿಂದ ಕಂಡವನು ನಾನೊಬ್ಬನೇ. ಕಂಡಷ್ಟನ್ನು ಮಾತ್ರ ಬರೆಯುತ್ತೇನೆ.

ನಮ್ಮದು ಅಂಗಡಿಗಳಿಗೆ ಬೋರ್ಡ್ ಮಾಡಿಕೊಡುವ ಕೆಲಸ. ದಪ್ಪ ಅಕ್ರಿಲಿಕ್ ಹಾಳೆಯಿಂದ ಅಕ್ಷರಗಳನ್ನು ಕತ್ತರಿಸುತ್ತಿದ್ದೆವು. ಮೇಜಿನಷ್ಟು ಅಗಲದ ಯಂತ್ರ. ಅದರ ಮೇಲೆ ಅತ್ತಿತ್ತ ಓಡಾಡುವ ಒಂದು ತಲೆ. ತಲೆಯ ಕೆಳಗೆ ರಭಸದಿಂದ ತಿರುಗಿ ಹಾಳೆ ಕತ್ತರಿಸುವ ಉಕ್ಕಿನ ಮೊನೆ, ಅಂದರೆ ಬಿಟ್. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು ನನ್ನ ಕೆಲಸ. ಯಂತ್ರದ ಹತ್ತಿರ ಇರುತ್ತಿದ್ದವರು ಬಸವರಾಜ, ಗದಗದ ಕಡೆಯವರು. ನಾವೆಲ್ಲ ಬಸಣ್ಣ ಅನ್ನುತ್ತಿದ್ದೆವು. ಊರಿನಲ್ಲಿ ಅವರು ಬ್ರಷ್ಷಿನಲ್ಲಿ ಬೋರ್ಡ್ ಬರೆಯುತ್ತಿದ್ದವರು. ಕೈಬರಹದ ಬೋರ್ಡುಗಳು ಕಡಿಮೆಯಾದ ಮೇಲೆ ಇಲ್ಲಿಗೆ ಬಂದಿದ್ದರು. ಆದರೂ ಗಿರಾಕಿಗಳು ಇಷ್ಟಪಡುತ್ತಿದ್ದ ಅಕ್ಷರಗಳೆಲ್ಲ ಅವರವೇ. ಅವರು ಕಾಗದದ ಮೇಲೆ ಬ್ರಷ್ಷಿನಲ್ಲೇ ಬರೆದುಕೊಡುತ್ತಿದ್ದರು, ನಾನು ಸ್ಕ್ಯಾನ್ ಮಾಡಿ ಯಂತ್ರಕ್ಕೆ ಕೊಡುತ್ತಿದ್ದೆ.

ಅಕ್ರಿಲಿಕ್ ಪುಡಿ ಕಂಪ್ಯೂಟರಿಗೆ ಹೋಗದಂತೆ ನಡುವೆ ಗಾಜಿನ ಗೋಡೆ ಇತ್ತು. ಅದರಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ಕಂಪ್ಯೂಟರ್ ಮುಂದೆ ಕೂತವರು ಪರದೆಯಲ್ಲಿ ಕೆಲಸ ಮುಗಿದದ್ದು ನೋಡಿ “ನಿಂತಿದೆ!” ಎಂದು ಕೂಗಬೇಕು. ಯಂತ್ರದ ಹತ್ತಿರ ಇರುವವರು “ಕೈ ಹಾಕ್ತೀನಿ!” ಎಂದು ಉತ್ತರ ಕೊಟ್ಟು ಆಮೇಲೆ ಕೈ ಹಾಕಬೇಕು. ಆ ಎರಡು ಕೂಗಿಲ್ಲದೆ ಯಾರೂ ಬಿಟ್ ಮುಟ್ಟುತ್ತಿರಲಿಲ್ಲ.

ಯಂತ್ರದ ಮೇಲೆ ಒಂದು ಕೆಂಪು ಬಟನ್ನೂ ಇತ್ತು. ಅದನ್ನು ಒತ್ತಿದರೆ ಎಲ್ಲ ನಿಲ್ಲುತ್ತಿತ್ತು, ನಿಜ. ಆದರೆ ತಲೆ ತಾನು ಎಲ್ಲಿದ್ದೆ ಎಂಬುದನ್ನು ಮರೆತುಬಿಡುತ್ತಿತ್ತು. ಅರ್ಧ ಕತ್ತರಿಸಿದ ಹಾಳೆ ದಂಡವಾಗುತ್ತಿತ್ತು. ಆದ್ದರಿಂದ ಕೆಂಪು ಬಟನ್ ಒತ್ತುವುದೆಂದರೆ ನಮ್ಮ ಮಾಲೀಕ ಶ್ರೀಕಂಠಯ್ಯನವರಿಗೆ ಹೊಟ್ಟೆಗೆ ಚುಚ್ಚಿದ ಹಾಗೆ.

ಹಾಳೆ ಕೆಡದ ಹಾಗೆ ಕೆಲಸವನ್ನು ನಡುವೆ ನಿಲ್ಲಿಸುವುದಕ್ಕೆಂದೇ ಅವರು ಪ್ರವೀಣನನ್ನು ಕರೆಸಿದ್ದರು. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿ ನಾಗರಬಾವಿಯಲ್ಲಿ ರೂಮ್ ಮಾಡಿಕೊಂಡಿದ್ದವನು. ಯಂತ್ರದ ಜೊತೆ ಬಂದ ಪ್ರೋಗ್ರಾಂ ಒಂದಿತ್ತು. ಯಂತ್ರಕ್ಕೆ ಆಜ್ಞೆ ಕಳಿಸುತ್ತಿದ್ದುದು ಅದೇ. ಪ್ರವೀಣ ಅದರ ಮೇಲೆ ತನ್ನದೊಂದು ಪ್ರೋಗ್ರಾಂ ಬರೆದ. ನಾನು ಅಕ್ಷರ ಜೋಡಿಸಿ ‘ಶುರು’ ಒತ್ತಿದರೆ ಅದು ಹಿಂದಿನಿಂದ ಯಂತ್ರದ ಪ್ರೋಗ್ರಾಂ ಅನ್ನು ಎಬ್ಬಿಸುತ್ತಿತ್ತು. ‘ನಿಲ್ಲಿಸು’ ಒತ್ತಿದರೆ ಅದನ್ನು ಮುಗಿಸುತ್ತಿತ್ತು. ಅವನು ಅದನ್ನು ಬರೆದದ್ದು ತನ್ನ ರೂಮಿನ ಕಂಪ್ಯೂಟರಿನಲ್ಲಿ, ಅದನ್ನು ನಡೆಸುತ್ತಿದ್ದ ವ್ಯವಸ್ಥೆ ಲಿನಕ್ಸ್. ನಮ್ಮ ಶೆಡ್ಡಿನಲ್ಲಿ ಇದ್ದದ್ದು ವಿಂಡೋಸ್, ಏಕೆಂದರೆ ನಾನು ಕನ್ನಡ ಅಕ್ಷರ ಜೋಡಿಸಲು ಬಳಸುತ್ತಿದ್ದ ಪ್ರೋಗ್ರಾಂ ಅದರಲ್ಲಿ ಮಾತ್ರ ನಡೆಯುತ್ತಿತ್ತು.

“ಎರಡರಲ್ಲೂ ಒಂದೇ ಥರ ನಡೆಯುತ್ತೆ ಸಾರ್, ನಾನು ಬರೆದಿರೋದೇ ಹಾಗೆ,” ಎಂದಿದ್ದ. ಶುರು ಮಾಡುವುದಂತೂ ಒಂದೇ ಥರ ನಡೆಯಿತು. ಮೊದಲ ಕೆಲವು ದಿನ ನಿಲ್ಲಿಸುವ ಸಂದರ್ಭವೇ ಬರಲಿಲ್ಲ.

ಅಂದು ವಿಜಯನಗರದ ಒಂದು ಸ್ವೀಟ್ಸ್ ಅಂಗಡಿಯ ಬೋರ್ಡು. ಹಬ್ಬದ ದಿನವೇ ಅಂಗಡಿ ಶುರು. ಗಿರಾಕಿ ಕೇಳಿದ್ದ ಜೇನಿನ ಬಣ್ಣದ ಹಾಳೆ ನಮ್ಮಲ್ಲಿ ಇದ್ದದ್ದು ಅದೊಂದೇ. ಪ್ರವೀಣ ಕಂಪ್ಯೂಟರ್ ಮುಂದೆ ಕೂತಿದ್ದ, ಶ್ರೀಕಂಠಯ್ಯ ಅವನ ಹಿಂದೆ ನಿಂತಿದ್ದರು. ಕೆಲವು ಅಕ್ಷರ ಆದ ಮೇಲೆ ಬಸಣ್ಣ ಹೊರಗಿನಿಂದ ಕೂಗಿದರು:

“ಬಿಟ್ ಮೊಂಡ ಆಗೇತ್ರಿ! ಅಂಚೆಲ್ಲಾ ಹರಕ ಬರಾಕತ್ತೇತಿ. ಬದಲ್ ಮಾಡಬೇಕು. ಕೆಂಪು ಒತ್ತಲೇನು?”

“ಅಯ್ಯೋ ಬೇಡ ಕಣಯ್ಯಾ!” ಎಂದರು ಶ್ರೀಕಂಠಯ್ಯ. “ಇರೋದೊಂದೇ ಹಾಳೆ. ಪ್ರವೀಣಾ, ನಿನ್ನ ಬಟನ್ ಒತ್ತಪ್ಪಾ, ಇದಕ್ಕೇ ತಾನೆ ಮಾಡಿಸಿದ್ದು.”

ಪ್ರವೀಣ ‘ನಿಲ್ಲಿಸು’ ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿ ಬೂದು ಬಣ್ಣಕ್ಕೆ ತಿರುಗಿತು. ‘ನಿಂತಿದೆ’ ಎಂಬ ಪದ ಬಂತು. ನಾನು ಬಲಕ್ಕೆ ನೋಡಿದೆ. ಯಂತ್ರದ ತಲೆ ಮೇಲೆದ್ದಿತು, ಬಿಟ್ ತಿರುಗುವುದು ನಿಧಾನವಾಗಿ ನಿಂತೇ ಹೋಯಿತು.

“ನಿಂತಿದೆ!” ಎಂದು ಪ್ರವೀಣ ಕೂಗಿದ. ದನಿಯಲ್ಲಿ ಸಂತೋಷವಿತ್ತು.

“ಕೈ ಹಾಕ್ತೀನಿ!” ಎಂದರು ಬಸಣ್ಣ.

ಒಂದು ವಿಷಯ ಇಲ್ಲಿಯೇ ಹೇಳಬೇಕು. ಅಕ್ರಿಲಿಕ್ ಬಿಸಿಯಾದರೆ ಕರಗಿ ಬಿಟ್‌ಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿ ಪ್ರತಿ ಅಕ್ಷರ ಮುಗಿದ ಮೇಲೆ ಯಂತ್ರ ತಾನೇ ತಲೆ ಎತ್ತಿ, ಬಿಟ್ ನಿಲ್ಲಿಸಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಮತ್ತೆ ಮುಂದಿನ ಅಕ್ಷರಕ್ಕೆ ಹೋಗುವಂತೆ ಇಟ್ಟಿದ್ದೆವು. ಪ್ರವೀಣ ಬಟನ್ ಒತ್ತಿದ್ದಕ್ಕೂ ಒಂದು ಅಕ್ಷರ ಮುಗಿದದ್ದಕ್ಕೂ ಸರಿಹೋಗಿತ್ತು. ಯಂತ್ರ ಆಜ್ಞೆ ಕೇಳಿ ನಿಂತಿರಲಿಲ್ಲ. ಆರುತ್ತಾ ನಿಂತಿತ್ತು. ನೋಡುವವರಿಗೆ ಎರಡೂ ಒಂದೇ.

ಬಿಟ್ ಬಿಚ್ಚಲು ಎರಡು ಸ್ಪ್ಯಾನರ್ ಬೇಕು, ಒಂದು ಬಿಟ್ ತಿರುಗಿಸುವ ದಂಡವನ್ನು ಅಲುಗದಂತೆ ಹಿಡಿಯಲು, ಒಂದು ನಟ್ ತಿರುಗಿಸಲು. ಬಸಣ್ಣ ಒಂದನ್ನು ನಟ್‌ಗೆ ಸಿಕ್ಕಿಸಿ, ಬಲಗೈಯಲ್ಲಿ ಹಿಡಿದುಕೊಂಡು, ಎಡಗೈಯನ್ನು ಇನ್ನೊಂದಕ್ಕೆ ಚಾಚಿದರು. ಅವರ ಮುಖ ಬಿಟ್‌ಗೆ ತೀರ ಹತ್ತಿರವಿತ್ತು.

ಅಷ್ಟರಲ್ಲಿ ಸರೋಜಮ್ಮ ಶೆಡ್ಡಿನೊಳಗೆ ಬಂದರು. ರಸ್ತೆಯ ತಿರುವಿನಲ್ಲಿ ಟೀ ಅಂಗಡಿ ಇಟ್ಟಿದ್ದವರು. ತಂತಿಯ ಸ್ಟ್ಯಾಂಡಿನಲ್ಲಿ ಟೀ ಹಿಡಿದುಕೊಂಡು ನೇರ ಬಸಣ್ಣನ ಹಿಂದೆ ಹೋಗಿ ನಿಂತರು.

“ಏನ್ ಬಸಣ್ಣ, ನನ್ ಗ್ಲಾಸ್ ಎಲ್ಲಿ? ನಿನ್ನೇದೂ ಬಂದಿಲ್ಲ, ಮೊನ್ನೇದೂ ಬಂದಿಲ್ಲ.”

“ಅದಾವ ತಗೋರಿ, ಎಲ್ಲಿ ಹೋಗ್ತಾವ,” ಎಂದರು ಬಸಣ್ಣ, ತಿರುಗದೆ.

“ಎಲ್ಲಿ ಹೋಗ್ತಾವೆ ಅಂತ ನಂಗೊತ್ತು. ಟರ್ಪೆಂಟೈನ್ ಹಾಕಿ ಬ್ರಷ್ ನೆನೆಸ್ತೀರಾ ಅದ್ರಲ್ಲಿ. ನಾಳೆ ಆ ಗ್ಲಾಸಲ್ಲೇ ಯಾರಿಗಾದ್ರೂ ಟೀ ಕೊಟ್ರೆ ನಾನು ಜೈಲಿಗೆ ಹೋಗ್ಬೇಕು. ಇವತ್ತು ನನ್ ಗ್ಲಾಸ್ ನನ್ ಕೈಗೆ ಬರೋ ತನಕ ಟೀ ಇಲ್ಲ. ತಿರುಗಿ ಈ ಕಡೆ.”

ಬಸಣ್ಣನಿಗೆ ನಗು ಬಂತು. ಸ್ಪ್ಯಾನರನ್ನು ನಟ್ ಮೇಲೆಯೇ ಬಿಟ್ಟು, ಕೈ ತೆಗೆದು, ತಿರುಗಿದರು. ಕಿಟಕಿಯ ಪಟ್ಟಿಯ ಮೇಲೆ ಬ್ರಷ್ ಸಮೇತ ಇದ್ದ ಗ್ಲಾಸುಗಳ ಕಡೆಗೆ ಒಂದು ಹೆಜ್ಜೆ ಇಟ್ಟರು.

ಆಗ ಬಿಟ್ ತಿರುಗಿತು.

ನಾನು ಸ್ಪ್ಯಾನರ್ ಹಾರಿದ್ದನ್ನು ನೋಡಲಿಲ್ಲ. ಅದು ಅಲ್ಲಿತ್ತು, ಆಮೇಲೆ ಅಲ್ಲಿರಲಿಲ್ಲ, ಅಷ್ಟೇ. ನನ್ನ ಪಕ್ಕದ ಗಾಜು ಮೇಲಿನಿಂದ ಕೆಳಗೆ ಒಡೆದು ಸುರಿಯಿತು. ಸರೋಜಮ್ಮನ ಕೈಯಿಂದ ಸ್ಟ್ಯಾಂಡ್ ಬಿತ್ತು. ಸ್ಪ್ಯಾನರ್ ಒಳಗಿನ ಗೋಡೆಗೆ ಬಡಿದು ಶ್ರೀಕಂಠಯ್ಯನವರ ಕಾಲ ಹತ್ತಿರ ಬಂದು ನಿಂತಿತು. ಯಾರಿಗೂ ತಗಲಲಿಲ್ಲ.

ಇಷ್ಟಾದರೂ ಯಂತ್ರ ನಿಲ್ಲಲಿಲ್ಲ. ತಲೆ ಸದ್ದು ಮಾಡುತ್ತಾ ಪಕ್ಕಕ್ಕೆ ಸರಿಯಿತು, ಮುಂದಿನ ಅಕ್ಷರದ ಮೇಲೆ ಹೋಗಿ ನಿಂತಿತು, ಕೆಳಗಿಳಿಯಿತು, ಕತ್ತರಿಸತೊಡಗಿತು. ನಾನು ಎಡಕ್ಕೆ ನೋಡಿದೆ. ಪರದೆಯ ಮೇಲೆ ಅದೇ ಬೂದು ಪಟ್ಟಿ. ಅದೇ ಪದ: ‘ನಿಂತಿದೆ’.

ಬಸಣ್ಣ ತಾವೇ ಮುಂದೆ ಹೋಗಿ ಕೆಂಪು ಬಟನ್ ಒತ್ತಿದರು. ಆಮೇಲೆ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ಕೈ ನೋಡುವ ಹಾಗೆ.

ಮೊದಲು ಮಾತಾಡಿದವರು ಶ್ರೀಕಂಠಯ್ಯ. “ಏನಯ್ಯಾ ಇದು? ನಿಂತಿದೆ ಅಂದ್ಯಲ್ಲಾ!”

“ಸಾರ್, ನಿಂತಿದೆ ಅಂತಾನೇ ತೋರಿಸ್ತಾ ಇದೆ ಸಾರ್. ನೋಡಿ, ಇಲ್ಲಿ ನೋಡಿ,” ಎಂದ ಪ್ರವೀಣ. ಆ ಪದದ ಮೇಲೆಯೇ ಬೆರಳಿಟ್ಟ.

“ನೋಡಿದ್ದು ಸಾಕು. ಎದ್ದೇಳು. ನಿನ್ನ ಪ್ರೋಗ್ರಾಮೂ ಬೇಡ, ನೀನೂ ಬೇಡ.”

ಬಸಣ್ಣ ಒಡೆದ ಗಾಜು ದಾಟಿಕೊಂಡು ಒಳಗೆ ಬಂದರು. “ಅವನ್ನ ಕಳಸಬ್ಯಾಡ್ರಿ,” ಎಂದರು.

“ನಿನ್ನ ಕೈ ಹೋಗ್ತಿತ್ತಲ್ಲೋ!”

“ಅದಕ್ಕ ಹೇಳೂದು. ಯಾಕ ಹಿಂಗಾತು ಅಂತ ಮೊದ್ಲ ಅವಗ ಗೊತ್ತಾಗ್ಲಿ. ಇವನ್ನ ಕಳಿಸಿ ಹೊಸಬನ್ನ ತಂದ್ರ, ಅವನೂ ಮತ್ತ ನನ್ನ ಕೈ ಮ್ಯಾಲೇ ಕಲೀಬೇಕಲ್ರಿ.”

ಶ್ರೀಕಂಠಯ್ಯ ಕುರ್ಚಿಯಲ್ಲಿ ಕೂತರು. ಸರೋಜಮ್ಮ ಹೊರಗೆ ನೆಲದ ಮೇಲೆ ಗಾಜಿನ ಚೂರು ಆರಿಸುತ್ತಿದ್ದರು. ಯಾವುದು ಗೋಡೆಯದು, ಯಾವುದು ಟೀ ಗ್ಲಾಸಿನದು ಎಂದು ಗೊತ್ತಾಗುತ್ತಿರಲಿಲ್ಲ.

ಪ್ರವೀಣ ಮತ್ತೆ ಕೂತು, ಕಂಪ್ಯೂಟರಿನಲ್ಲಿ ಆ ಹೊತ್ತಿಗೆ ಏನೇನು ನಡೆಯುತ್ತಿದೆ ಎಂದು ತೋರಿಸುವ ಪಟ್ಟಿ ತೆರೆದ. ಯಂತ್ರದ ಪ್ರೋಗ್ರಾಂ ಅದರಲ್ಲಿ ಇನ್ನೂ ಇತ್ತು. ಕೆಂಪು ಬಟನ್ನಿಂದ ಯಂತ್ರದ ಕರೆಂಟ್ ಹೋಗಿದ್ದರೂ ಅದು ಆಜ್ಞೆ ಕಳಿಸುವುದನ್ನು ಬಿಟ್ಟಿರಲಿಲ್ಲ.

“ನನಗ ತಿಳಿಯೋ ಹಂಗ ಹೇಳು,” ಎಂದರು ಬಸಣ್ಣ.

“ಅಣ್ಣ, ನನ್ನ ಪ್ರೋಗ್ರಾಂ ಯಂತ್ರದ ಪ್ರೋಗ್ರಾಂನ ನೇರವಾಗಿ ಕರೆಯಲ್ಲ,” ಎಂದು ಅವನು ಶುರು ಮಾಡಿದ. “ಮಧ್ಯ ಇನ್ನೊಂದಿದೆ, ಮೇಸ್ತ್ರಿ ಥರ. ನಾನು ಮೇಸ್ತ್ರಿಗೆ ಹೇಳ್ತೀನಿ, ಅವನು ಗಾರೆಯವನನ್ನ ಕೆಲಸಕ್ಕೆ ಹಚ್ತಾನೆ. ನಾನು ನಿಲ್ಲಿಸು ಅಂದಾಗ ಮೇಸ್ತ್ರಿ ಮನೆಗೆ ಹೋದ. ಗಾರೆಯವನಿಗೆ ಯಾರೂ ಹೇಳ್ಲೇ ಇಲ್ಲ. ಅವನು ಮೇಲೆ ಕೆಲಸ ಮಾಡ್ತಾನೇ ಇದ್ದ.”

“ಮತ್ತ ನಿನ್ನ ರೂಮಿನಾಗ ಸರಿ ಇತ್ತಂದಿ?”

“ಅಲ್ಲಿ ಲಿನಕ್ಸ್‌ನಲ್ಲಿ ಇಡೀ ಗ್ಯಾಂಗ್‌ಗೆ ಒಂದೇ ಸಲ ಹೇಳೋ ದಾರಿ ಇದೆ. ಹಾಗೇ ಮಾಡಿದ್ದೆ, ಎಲ್ಲರೂ ಹೋಗ್ತಿದ್ರು. ಇಲ್ಲಿ ವಿಂಡೋಸ್‌ನಲ್ಲಿ ಆ ದಾರಿ ಇಲ್ಲ. ಇಲ್ಲಿಗೆ ಅಂತ ಬೇರೆ ಥರ ಬರೆದೆ, ಅದು ಮೇಸ್ತ್ರಿ ಒಬ್ಬನಿಗೇ ತಲುಪಿದೆ. ಇಲ್ಲಿ ಮೇಸ್ತ್ರಿ ಹೋದ್ರೆ ಅವನ ಆಳುಗಳು ತಾವಾಗೇ ಹೋಗಲ್ಲ.”

ಬಸಣ್ಣ ಪರದೆಯ ಕಡೆ ಕೈ ತೋರಿಸಿದರು. “ಅದ್ಯಾಕ ಹಂಗ ಅನ್ನೋದು ಇರ್ಲಿ. ‘ನಿಂತಿದೆ’ ಅಂತ ಬರದವ್ರು ಯಾರು?”

ಪ್ರವೀಣ ತಲೆ ತಗ್ಗಿಸಿದ. “ನಾನೇ ಅಣ್ಣ. ಮೇಸ್ತ್ರಿ ಹೋದ ತಕ್ಷಣ ಹಾಗೆ ಬರೆಯೋ ಥರ ಇಟ್ಟಿದ್ದೆ. ಗಾರೆಯವನು ಇದಾನಾ ಅಂತ ನೋಡ್ಲಿಲ್ಲ.”

ಅಂದಿನಿಂದ ಅವನು ನಮ್ಮ ಶೆಡ್ಡಿನಲ್ಲೇ, ನಮ್ಮ ಕಂಪ್ಯೂಟರಿನ ಮುಂದೆಯೇ ಕೂತು ಅದನ್ನು ಮತ್ತೆ ಬರೆದ. ಮೇಸ್ತ್ರಿಯನ್ನು ತೆಗೆದುಹಾಕಿ ಯಂತ್ರದ ಪ್ರೋಗ್ರಾಂ ಅನ್ನು ನೇರವಾಗಿ ಎಬ್ಬಿಸಿದ. ನಿಲ್ಲಿಸಲು ಲಿನಕ್ಸ್‌ಗೆ ಒಂದು ದಾರಿ, ವಿಂಡೋಸ್‌ಗೆ ಇನ್ನೊಂದು ದಾರಿ ಇಟ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪ್ರೋಗ್ರಾಂ ಪಟ್ಟಿಯಿಂದ ನಿಜವಾಗಿ ಹೋಗುವವರೆಗೆ ಕಾಯ್ದು, ಹೋದ ಮೇಲೆಯೇ ‘ನಿಂತಿದೆ’ ಎಂಬ ಪದ ಬರುವಂತೆ ಮಾಡಿದ. ಅಲ್ಲಿಯವರೆಗೆ ‘ನಿಲ್ಲಿಸಲಾಗುತ್ತಿದೆ, ಮುಟ್ಟಬೇಡಿ’ ಎಂದು ಕೆಂಪಾಗಿ ಬರುತ್ತಿತ್ತು. ಬಿಟ್ ಇಲ್ಲದೆ ಯಂತ್ರ ಓಡಿಸಿ, ಅಕ್ಷರದ ನಡುವೆ ಒಮ್ಮೆ, ಆರುವ ಹೊತ್ತಿನಲ್ಲಿ ಒಮ್ಮೆ, ಶುರುವಾಗುತ್ತಿದ್ದಂತೆ ಒಮ್ಮೆ ಎಂದು ಪದೇ ಪದೇ ನಿಲ್ಲಿಸಿ ನೋಡಿದೆವು. ಒಂದು ಸಲ ಪ್ರವೀಣ, “ಅಣ್ಣ, ಈಗ ನಾನೇ ಕೈ ಇಟ್ಟು ತೋರಿಸ್ತೀನಿ,” ಎಂದ. ಬಸಣ್ಣ ಅವನ ತೋಳು ಹಿಡಿದು ಹಿಂದಕ್ಕೆ ಎಳೆದರು. “ಹುಚ್ಚ ಅದೀ ಏನು? ಯಾರ ಕೈನೂ ಇಡೂದು ಬ್ಯಾಡ.”

ಸ್ವೀಟ್ಸ್ ಅಂಗಡಿಯ ಬೋರ್ಡು ಬೇರೆ ಬಣ್ಣದಲ್ಲಿ ಹೋಯಿತು. ಗಿರಾಕಿ ಗೊಣಗಿದ. ಶ್ರೀಕಂಠಯ್ಯ ಅವನಿಗೆ ಕಾರಣ ಹೇಳಲಿಲ್ಲ. ಆದರೆ ನಮ್ಮ ಪದ್ಧತಿಯನ್ನು ಅವರೇ ಬದಲಾಯಿಸಿದರು. ಪ್ರೋಗ್ರಾಂ ಸರಿಯಾದ ಮೇಲೂ, ಬಿಟ್‌ಗೆ ಕೈ ಹಾಕುವ ಮುನ್ನ ಯಂತ್ರದ ಹತ್ತಿರ ಇರುವವರೇ ಕೆಂಪು ಬಟನ್ ಒತ್ತಬೇಕು, ಹಾಳೆ ಹಾಳಾದರೂ ಸರಿ. “ನಿಂತಿದೆ” ಎಂದು ಕೂಗಬೇಕಾದವರೂ ಅವರೇ. ಪರದೆಯ ಮುಂದೆ ಕೂತವರು ಆ ಮಾತನ್ನು ಹೇಳಕೂಡದು.

ನಾನು ಆ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಈಗಲೂ ಮನೆಯಲ್ಲಿ ಮಿಕ್ಸಿ ಜಾರಿಗೆ ಚಮಚ ಹಾಕುವ ಮುನ್ನ ಸ್ವಿಚ್ ಆರಿಸಿದರೆ ನನಗೆ ಸಾಲದು, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ. ಸುಮ್ಮನಿರುವುದಕ್ಕೂ ನಿಂತಿರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ನಾನು ಆ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡಿದ್ದೇನೆ.

ಅಂದು ಇದನ್ನು ಕಂಡವರಲ್ಲಿ ಶ್ರೀಕಂಠಯ್ಯನವರು ಈಗಿಲ್ಲ. ಪ್ರವೀಣ ಕೆಂಗೇರಿಯ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಪ್ರತಿ ವರ್ಷದ ಹುಡುಗರಿಗೂ ಮೇಸ್ತ್ರಿ ಮತ್ತು ಗಾರೆಯವನ ಕಥೆ ಹೇಳುತ್ತಾನಂತೆ. ಸರೋಜಮ್ಮ ಬಸವೇಶ್ವರನಗರದಲ್ಲಿ ಮಗಳ ಜೊತೆ ಇದ್ದಾರೆ. ಕೇಳಿದರೆ, “ಗ್ಲಾಸ್ ಒಡೆದಿದ್ದು ಜ್ಞಾಪಕ ಇದೆ ಕಣಪ್ಪಾ, ಪೂರ್ತಿ ಸ್ಟ್ಯಾಂಡ್ ಹೋಯ್ತು,” ಎನ್ನುತ್ತಾರೆ. ಬೇರೇನನ್ನೂ ಅವರು ದೊಡ್ಡದು ಮಾಡುವುದಿಲ್ಲ.

ಬಸಣ್ಣ ನಂದಿನಿ ಲೇಔಟ್‌ನಲ್ಲಿ ಸಣ್ಣದೊಂದು ಮಳಿಗೆ ಇಟ್ಟುಕೊಂಡಿದ್ದಾರೆ. ಕೈಬರಹದ ಬೋರ್ಡು ಕೇಳುವವರು ಮತ್ತೆ ಬರುತ್ತಿದ್ದಾರಂತೆ. ಇದನ್ನು ಪತ್ರಿಕೆಗೆ ಕಳಿಸುವ ಮುನ್ನ ಅವರಿಗೆ ಓದಿ ಹೇಳಲು ಹೋಗಿದ್ದೆ. ಒಂದು ನಾಮಫಲಕಕ್ಕೆ ಬಣ್ಣ ತುಂಬುತ್ತಲೇ ಪೂರ್ತಿ ಕೇಳಿಸಿಕೊಂಡು, “ಎಲ್ಲಾ ಬರೋಬ್ಬರಿ ಐತಿ,” ಎಂದರು. ಬ್ರಷ್ಷನ್ನು ಪಕ್ಕದಲ್ಲಿದ್ದ ಗ್ಲಾಸಿನೊಳಗೆ ಇಟ್ಟರು. ಹಳೆಯ, ಗೆರೆಗೆರೆಯ ಟೀ ಗ್ಲಾಸು. ಸರೋಜಮ್ಮನದೇ ಎಂದು ನನಗೆ ಗುರುತು ಸಿಕ್ಕಿತು.

“ಇನ್ನೂ ಕೊಟ್ಟಿಲ್ವಾ ಬಸಣ್ಣ?” ಎಂದೆ.

“ಇಲ್ರಿ,” ಎಂದರು. “ಕೊಟ್ಟುಬಿಟ್ರ ಅವ್ರು ಮತ್ತ ಕೇಳಾಕ ಯಾಕ ಬರ್ತಾರ?”