ಶಿವಸ್ವಾಮಿ ಮೇಷ್ಟ್ರ ಕಪ್ಪು ಚುಕ್ಕೆ

ಗೆರೆ ಎಳೆಯುವವರು ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗೆರೆಯನ್ನು ನೋಡಬಲ್ಲವರು ವಿರಳ. ಮತ್ತೊಬ್ಬರು ಎಳೆದ ಮೊಟ್ಟಮೊದಲ ಸೊಟ್ಟ ಗೆರೆಯನ್ನು ಮುಖ ಸಿಂಡರಿಸದೆ ನೋಡಬಲ್ಲವರು ಕಾವೇರಿಯ ಈಚೆಗೆ ಒಬ್ಬರೇ ಒಬ್ಬರು. ಅವರು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಚಿತ್ರಕಲಾ ಶಿಕ್ಷಕ ಶ್ರೀ ಶಿವಸ್ವಾಮಿಯವರು. ಕಾವೇರಿಯ ಆಚೆಗೂ ಅಂಥವರಿಲ್ಲ ಎಂದೇ ಬರೆಯಬಹುದಿತ್ತು. ಕೊಂಚ ಹಿಡಿತವಿರಲಿ ಎಂದು ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕ ಮಂಡಳಿಯವರು ಕೋರಿದ್ದರಿಂದ ಹೊಳೆಯ ದಡದಲ್ಲೇ ನಿಲ್ಲಿಸಲಾಗಿದೆ.

ಸಂತೆಮರಹಳ್ಳಿಯಲ್ಲಿ ಜನಿಸಿದ ಶ್ರೀಯುತರಿಗೆ ಮೊದಲ ನೇಮಕ ದೊರೆತದ್ದು ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ. ಅಲ್ಲಿ ಅವರು ಕಪ್ಪುಹಲಗೆಯ ಮೇಲೆ ಬರಿಗೈಯಲ್ಲಿ ಎಳೆದ ವೃತ್ತವನ್ನು ಕಂಡು ಗಣಿತದ ಮೇಷ್ಟ್ರ ಕೈವಾರ ನಾಚಿ ಪೆಟ್ಟಿಗೆ ಸೇರಿದ್ದು ವರ್ಷವಿಡೀ ಹೊರಗೆ ಬರಲಿಲ್ಲ. ಅವರ ನೇರ ಗೆರೆಯ ಕೀರ್ತಿ ಬಂಡೀಪುರದ ಕಾಡು ದಾಟಿ ಹಬ್ಬಿ, ತರಕಾರಿ ತುಂಬಲು ಬಂದ ಮಲಯಾಳಿ ಲಾರಿ ಡ್ರೈವರುಗಳು ಶಾಲೆಯ ಕಿಟಕಿಯಲ್ಲಿ ಇಣುಕಿ, ತಮ್ಮೂರ ಘಾಟಿ ರಸ್ತೆ ಹೀಗಿರಬಾರದಿತ್ತೇ ಎಂದು ನಿಟ್ಟುಸಿರಿಟ್ಟು ಹೋಗುತ್ತಿದ್ದರು. ಇದಕ್ಕೆ ಸಾಕ್ಷಿಗಳಿದ್ದಾರೆ. ಸಾಕ್ಷಿಗಳೆಲ್ಲ ಅದೇ ಲಾರಿಗಳಲ್ಲಿ ಹೊರಟುಹೋಗಿದ್ದಾರೆ, ಅಷ್ಟೆ.

ಅವರ ತರಗತಿಯಲ್ಲಿ ಅರ್ಧ ವರ್ಷ ಗೆರೆ, ಸುತ್ತು, ಪೆಟ್ಟಿಗೆ, ಲೋಟದ ಬಾಯಿ ಇವಿಷ್ಟೇ. ತಪಾಸಣೆಗೆ ಬಂದ ಸಾಹೇಬರೊಬ್ಬರು, "ಏನ್ರೀ, ಇಡೀ ಕ್ಲಾಸಿಗೆ ಒಂದು ನವಿಲೂ ಇಲ್ವಲ್ರೀ?" ಎಂದು ಗದರಿದಾಗ ಮೇಷ್ಟ್ರು, "ಕೊಂಬೆ ಸರಿಯಾಗಿ ಬರ್ಲಿ ಬುಡಿ ಸಾ, ನವಿಲು ತಾನೇ ಬಂದು ಕೂತ್ಕತದೆ" ಎಂದರಂತೆ. ಪೆನ್ಸಿಲು ಮೋಟಾಗಿ ಹಿಡಿಯಲು ಬಾರದ ಮಕ್ಕಳಿಗೆ ಹಳೆಯ ಪೆನ್ನಿನ ಕೊಳವೆ ಸಿಕ್ಕಿಸಿ ಉದ್ದ ಮಾಡಿಕೊಟ್ಟವರು ಅವರು. ಜ್ವರ ಬಿದ್ದೆದ್ದು ಕೈನಡುಕ ಹತ್ತಿದ್ದ ಮೂಗಯ್ಯನೆಂಬ ವಿದ್ಯಾರ್ಥಿ ಚಿತ್ರದ ಪುಸ್ತಕವನ್ನೇ ಮುಚ್ಚಿಟ್ಟಾಗ, "ನೀನು ನೀರು ಬರಿ ಕಣ್ಲಾ. ನೀರು ನೆಟ್ಟಗಿದ್ರೆ ಯಾವನ್ಲಾ ನಂಬ್ತನೆ?" ಎಂದು ಮತ್ತೆ ತೆರೆಸಿದವರು ಅವರು. ಆ ಹುಡುಗ ಬರೆದ ಕೆರೆಯನ್ನು ಗೋಡೆಗೆ ಅಂಟಿಸಿದ ದಿನ ಶಾಲೆಯೊಳಕ್ಕೆ ಎಮ್ಮೆಯೊಂದು ನುಗ್ಗಿದ್ದು ಊರಿಗೇ ಗೊತ್ತಿರುವ ಸಂಗತಿ.

ಹಾಳೆ ತಿದ್ದುವ ಅವರ ಕ್ರಮ ಮಾತ್ರ ಲೋಕದಲ್ಲಿ ಎಲ್ಲಿಯೂ ಇಲ್ಲದ್ದು. ಹಾಳೆಯನ್ನು ಬೆಳಕಿಗೆ ಹಿಡಿಯುವರು, ತಲೆಕೆಳಗು ಮಾಡಿ ನೋಡುವರು, ಕೊನೆಗೆ ಒಂದು ಗೆರೆಯ ಪಕ್ಕ ಪೆನ್ಸಿಲಿನಿಂದ ಒಂದು ಕಪ್ಪು ಚುಕ್ಕೆಯಿಟ್ಟು, "ಊಂ, ಇನ್ನೊಂದು ಹಾಳೆ ಬರಕಂಡ್ ಬಾ" ಎಂದು ಹಿಂದಿರುಗಿಸುವರು. ಚುಕ್ಕೆ ಬಿದ್ದದ್ದೇ ಆ ಹಾಳೆಯ ಅತ್ಯುತ್ತಮ ಗೆರೆ. ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಬೆಂಚಿನಿಂದ ಬೆಂಚಿಗೆ ದಾಟಿ ಮಕ್ಕಳಿಗೆಲ್ಲ ತಿಳಿದಿರುತ್ತಿತ್ತು.

ಮುಂದೆ ಚಾಮರಾಜನಗರಕ್ಕೆ ವರ್ಗವಾಗಿ ಬಂದ ಮೇಲೆ, ಎರಡು ವರ್ಷದ ಹಿಂದೆ, ಅವರಲ್ಲಿಗೆ ಬೆಂಚೇ ಇಲ್ಲದ ವಿದ್ಯಾರ್ಥಿನಿಯೊಬ್ಬರು ಬಂದರು. ಅರಿಸಿನ ಮಂಡಿಯ ಸಾಹುಕಾರ ಪುಟ್ಟಮಲ್ಲಪ್ಪನವರ ಸೊಸೆ ನಾಗಲಕ್ಷ್ಮಿ. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ, ಚಿತ್ರಕಲೆಯ ಡಿಪ್ಲೊಮಾ ಓದಿ, ತಾವೂ ಶಿಕ್ಷಕಿಯಾಗಬೇಕೆಂಬುದು ಆಕೆಯ ಆಸೆ. ಪೆನ್ಸಿಲು ಹಿಡಿದು ಅಭ್ಯಾಸವಿಲ್ಲ. ಗಂಡ ರಾಜಶೇಖರ್ ತಂದೆಯ ಮುಂದೆ ಕೆಮ್ಮಲೂ ಅಂಜುವ ಸಾಧು. ಪುಟ್ಟಮಲ್ಲಪ್ಪನವರದು ಒಂದೇ ಮಾತು: "ಒಂದ್ ಸಲ ಬರೀ ಕಣವ್ವ, ಬ್ಯಾಡ ಅನ್ನಕ್ಕಿಲ್ಲ. ಫೇಲಾದ್ರೆ ಪೆನ್ಸಿಲ್ ಮಡಗ್ಬುಟ್ಟು ಮಂಡೀಲಿ ಕೂತ್ಕಬೇಕು. ಆಮ್ಯಾಕೆ ಈ ಸುದ್ದಿ ಎತ್ತಂಗಿಲ್ಲ."

ಭಾನುವಾರ ಭಾನುವಾರ ಆಕೆ ಹಾಳೆ ತಂದರು, ಮೇಷ್ಟ್ರು ಚುಕ್ಕೆಯಿಟ್ಟರು. ಮೊದಲ ವಾರದ ಗೆರೆಗಳಲ್ಲಿ ಒಂದು ಕಬ್ಬಿನ ಜಲ್ಲೆಯಂತೆ ನೇರವಾಗಿತ್ತು, ಅದಕ್ಕೊಂದು ಚುಕ್ಕೆ. ಮರುವಾರ ಅಂಥ ಗೆರೆಯೇ ಇಲ್ಲ. ಲೋಟದ ಬಾಯಿ ಒಂದು ಬಳೆಯಂತೆ ಬಂದಿತ್ತು, ಅದಕ್ಕೊಂದು ಚುಕ್ಕೆ. ಮುಂದಿನ ವಾರ ಲೋಟಗಳೆಲ್ಲ ಬದನೆಕಾಯಿ ಹೋಳುಗಳಾಗಿದ್ದವು. ಅಭ್ಯಾಸ ಮಾಡಿದಷ್ಟೂ ಕೆಡುವ ಕೈಯನ್ನು ಶಿವಸ್ವಾಮಿಯವರು ಇಡೀ ಸೇವೆಯಲ್ಲಿ ಕಂಡಿರಲಿಲ್ಲ. ಬಸ್ಸಿನಲ್ಲಿ ಕೂತರೂ ಅದೇ ಯೋಚನೆ. ತಮ್ಮ ಕಣ್ಣಿಗೇ ಪೊರೆ ಬಂದಿರಬೇಕೆಂದು ಕನ್ನಡಕ ಬದಲಿಸಿದರು. ಹೊಸ ಕನ್ನಡಕದಲ್ಲಿ ಲೋಟಗಳು ಇನ್ನೂ ಕೆಟ್ಟದಾಗಿ ಕಂಡವು.

ಪರೀಕ್ಷೆ ಸಮೀಪಿಸಿತು. ಸೊಸೆಯ ಹಾಳೆಯನ್ನು ಮಂಡಿಯ ಮೇಜಿನ ಮೇಲೆ ಕಂಡ ಪುಟ್ಟಮಲ್ಲಪ್ಪನವರು ಕೂಲಿಯವರೆಲ್ಲ ಕೇಳುವಂತೆ, "ಏನವ್ವ ಇದು, ಎತ್ತು ಉಚ್ಚೆ ಉಯ್ಕಂಡು ಹೋದಂಗದೆ!" ಎಂದು ನಕ್ಕರು. ಮರುದಿನ ಭಾನುವಾರ ನಾಗಲಕ್ಷ್ಮಿ ಹಾಳೆಯಿಲ್ಲದೆ ಬರಿಗೈಯಲ್ಲಿ ಮೇಷ್ಟ್ರ ಮುಂದೆ ನಿಂತರು.

"ಸಾ, ಇನ್ನ ಬರಕ್ಕಿಲ್ಲ ನಾನು. ನೀವು ತಪ್ಪು ಅಂತ ಗುರ್ತು ಹಾಕಿದ್ದನ್ನೆಲ್ಲ ಬುಟ್ಬುಟ್ಟೆ. ಇನ್ನ ಬುಡಕ್ಕೂ ಏನೂ ಉಳ್ದಿಲ್ಲ."

"ತಪ್ಪು ಅಂತ ಯಾರಂದ್ರು?"

"ಕಪ್ಪು ಚುಕ್ಕೆ ಇಕ್ಕಿದ್ರಲ್ಲ ಸಾ."

ಮೇಷ್ಟ್ರು ಹೊಸ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು: "ಅಲ್ಲ ಕಣವ್ವ, ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಕ್ಕದು ಯಾಕೆ? ಕೂಸು ಚೆನ್ನಾಗಿಲ್ಲ ಅಂತಲಾ?"

"ದೃಷ್ಟಿಬೊಟ್ಟಾ ಸಾ ಅದು!" ಎಂದ ನಾಗಲಕ್ಷ್ಮಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. "ಮತ್ತೆ ಒಂದ್ ಮಾತು ಹೇಳಕ್ಕಾಗ್ನಿಲ್ವ? ಚೆನ್ನಾಗದೆ ಅನ್ನಕ್ಕೆ ಕಾಸು ಕೊಡ್ಬೇಕಾ ಸಾ?"

ಶಿವಸ್ವಾಮಿಯವರನ್ನು ಸಾಕಿದ ಅಜ್ಜಿ ಬಸವಮ್ಮನವರು, ಚೆಂದವಾದದ್ದನ್ನು ಚೆಂದವೆಂದರೆ ದೃಷ್ಟಿ ತಾಕುತ್ತದೆಂದು ನಂಬಿದ್ದರು. ಬೆಳೆದ ಪೈರಿಗಾಗಲಿ ಓದಿದ ಮೊಮ್ಮಗನಿಗಾಗಲಿ ಒಂದು ಒಳ್ಳೆಯ ಮಾತನಾಡಿದವರಲ್ಲ. ಆ ಪ್ರೀತಿಯ ಮೌನವನ್ನೇ ಮೇಷ್ಟ್ರು ತಮ್ಮ ಹಾಳೆ ತಿದ್ದುವ ವಿದ್ಯೆಯಾಗಿ ಮಾಡಿಕೊಂಡಿದ್ದರು. ಪಕ್ಕದಲ್ಲಿ ಗೆಳೆಯರಿಲ್ಲದ ಇನ್ನೆಷ್ಟು ಮಕ್ಕಳು ತಮ್ಮ ಒಳ್ಳೆಯ ಗೆರೆಯನ್ನೇ ಅಳಿಸಿ ಮನೆಗೆ ಹೋಗಿರಬಹುದೆಂಬ ಯೋಚನೆ ಅವರಿಗೆ ಆಗ ಮೊದಲ ಬಾರಿಗೆ ಬಂತು. ಈ ಕುರಿತು ಇದುವರೆಗಿನ ಉತ್ಪ್ರೇಕ್ಷೆಗಳಲ್ಲಿ ಒಂದನ್ನೂ ಇಲ್ಲಿ ಬಳಸುವ ಮನಸ್ಸಿಲ್ಲ. ಅವರು ಚುಕ್ಕೆಯಿಡುವ ಪೆನ್ಸಿಲನ್ನು ಕೆಳಗಿಟ್ಟರು.

ಆಮೇಲೆ ಮಾತಾಡಲು ತೊಡಗಿದವರು ನಿಲ್ಲಿಸಲೇ ಇಲ್ಲ. ಹಳೆಯ ಹಾಳೆಗಳನ್ನೆಲ್ಲ ತರಿಸಿ ನೆಲದ ಮೇಲೆ ಹರಡಿಸಿದರು. "ಇಲ್ನೋಡವ್ವ, ಈ ಗೆರೆ ಭುಜದಿಂದ ಬಂದದೆ, ಅದ್ಕೇ ಸಲೀಸಾಗದೆ. ಇದು ಮಣಿಕಟ್ಟಿಂದ ಬಂದದೆ, ನಡುವ್ನಲ್ಲಿ ಬಗ್ಗದೆ. ಪೆನ್ಸಿಲ್ ಮೊನೆ ನೋಡ್ಬ್ಯಾಡ, ಗೆರೆ ಹೋಗಿ ನಿಲ್ಲೋ ಜಾಗ ನೋಡು. ಲೋಟದ ಬಾಯಿಗೆ ಮೂಲೆ ಇರಕ್ಕಿಲ್ಲ. ತಿರುವ್ನಲ್ಲಿ ನಿಂತ್ರೆ ಮೂಲೆ ಆಯ್ತದೆ. ಮೊದ್ಲು ಗಾಳಿಲಿ ಎರಡು ಸುತ್ತು ತಿರುಗ್ಸು, ಆಮ್ಯಾಕೆ ಕಾಗದಕ್ಕೆ ಇಳ್ಸು." ಒಂದು ವಾಕ್ಯ ಮುಗಿದೊಡನೆ ಇನ್ನೊಂದು. ಜೀವಮಾನವಿಡೀ ತಡೆದಿಟ್ಟ ಹೊಗಳಿಕೆ ಆ ಭಾನುವಾರ ಸುವರ್ಣಾವತಿ ಅಣೆಕಟ್ಟಿನ ತೂಬು ಎತ್ತಿದಂತೆ ಹರಿಯಿತು. ಊರಿನ ತಗ್ಗು ಬೀದಿಗಳಲ್ಲಿ ಜನ ಚಪ್ಪಲಿ ಕೈಗೆತ್ತಿಕೊಂಡು ನಡೆದರೆಂದು ಹೇಳುತ್ತಾರೆ.

ನಾಗಲಕ್ಷ್ಮಿಯವರ ಕೈ ಅವರಿಗೆ ಹಿಂದಿರುಗಿತು. ಪರೀಕ್ಷೆಯಲ್ಲಿ ನೋಡಿ ಬರೆಯಲು ತಂಬಿಗೆಯನ್ನಿಟ್ಟಿದ್ದರು, ಆಕೆ ಅದರ ಬಾಯಿಯನ್ನು ಮೊದಲು ಗಾಳಿಯಲ್ಲಿ ಸುತ್ತುವುದನ್ನು ಕಂಡ ಮೇಲ್ವಿಚಾರಕರು ನೊಣ ಓಡಿಸುತ್ತಿದ್ದಾರೆಂದು ತಿಳಿದು ಕಿಟಕಿ ಮುಚ್ಚಿಸಿದರಂತೆ. ಫಲಿತಾಂಶ ಬಂತು. ಪಾಸು. ರಾಜ್ಯಕ್ಕೇ ಮೊದಲಿಗರೆಂದು ಬರೆಯಲು ಕೈ ತುರಿಸುತ್ತದೆ, ಆದರೆ ಬರೀ ಪಾಸು. ಅಷ್ಟೇ ಬೇಕಾಗಿದ್ದದ್ದು. ಈಗ ಅವರು ಡಿಪ್ಲೊಮಾ ವಿದ್ಯಾರ್ಥಿನಿ. ರಾಜಶೇಖರ್ ಅವರೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಾರೆ, ತಂದೆಯ ಎದುರಿಗೇ.

ತಂದೆಯವರೋ, ಸೊಸೆ ಪಾಸಾದ ದಿನ ಅಂಕಪಟ್ಟಿಯನ್ನು ತಿರುಗಿಸಿ ನೋಡಿ, "ಇದೇನ್ ಮಹಾ ವಿದ್ಯೆ!" ಎಂದು ಪೆನ್ಸಿಲು ಕಸಿದು ಒಂದು ಗೆರೆ ಎಳೆದರು. ಅದನ್ನು ತಾವೇ ನೋಡಿದರು. ಕೂಲಿಯವರು ಇಣುಕುವ ಮೊದಲೇ ಮಡಿಚಿ ಜೇಬಿಗಿಟ್ಟರು. ಅಂದಿನಿಂದ ಮಂಡಿ ಬಾಗಿಲು ಹಾಕಿ, ಎಪ್ಪತ್ತು ದಾಟಿದ ಪುಟ್ಟಮಲ್ಲಪ್ಪನವರು ಸಂಜೆ ಸಂಜೆ ಶಿವಸ್ವಾಮಿಯವರ ಮನೆಯ ಜಗುಲಿಗೆ ಬರುತ್ತಿದ್ದಾರೆ. "ಮೇಷ್ಟ್ರೇ, ಇವತ್ತು ವಸಿ ಪರವಾಗಿಲ್ಲ ಅನ್ನುಸ್ತದೆ, ನೋಡಿ." ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ, ತಲೆಕೆಳಗು ಮಾಡುತ್ತಾರೆ, ಹೊಗಳಲು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಾರೆ. "ಶುರು ಮಾಡಿದ್ ಜಾಗ ಚೆನ್ನಾಗದೆ ಸಾವ್ಕಾರ್ರೇ" ಎನ್ನುತ್ತಾರೆ.

ನಿವೃತ್ತಿಯೆಂದರೆ ವಿಶ್ರಾಂತಿ ಎಂದು ನಾವೆಲ್ಲ ಹಾರೈಸುವುದು ವಾಡಿಕೆ. ಇವರ ವಿಷಯದಲ್ಲಿ ಅದು ನಡೆಯುವಂತೆ ಕಾಣುವುದಿಲ್ಲ. ಆದ್ದರಿಂದ ಸಹೋದ್ಯೋಗಿಗಳೆಲ್ಲರ ಪರವಾಗಿ ಈ ಲೇಖನಿ ಬೇಡಿಕೊಳ್ಳುವುದು ಇಷ್ಟೇ: ಪುಟ್ಟಮಲ್ಲಪ್ಪನವರು ಒಂದೇ ಒಂದು ನೆಟ್ಟನೆಯ ಗೆರೆ ಎಳೆಯುವ ತನಕ ಶ್ರೀ ಶಿವಸ್ವಾಮಿಯವರು ಕಣ್ಣು, ಕೈ, ಮಾತು ಗಟ್ಟಿಯಾಗಿ ಬಾಳಲಿ. ಆ ಹಾಳೆಗಳನ್ನು ಕಣ್ಣಾರೆ ಕಂಡವರು ಬಲ್ಲರು, ಇದು ನೂರು ವರ್ಷಕ್ಕೆ ಕಡಿಮೆಯಾದ ಹಾರೈಕೆಯಲ್ಲ.