ಮರಿಸ್ವಾಮಿ ಅಳಿಸಿಹೋದದ್ದು

ಬಸವಲಿಂಗಮ್ಮ ಸತ್ತ ಗಂಡನ ಕಂಪ್ಯೂಟರಿನ ಡಬ್ಬವನ್ನು ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಮಾಗಡಿಯಿಂದ ರಾಮನಗರಕ್ಕೆ ಹೊರಟಿದ್ದಳು.

"ಏನವ್ವಾ ಅದು, ಕೋಳಿಗೀಳಿ ಅಲ್ಲ ತಾನೆ?" ಎಂದ ಬಸ್ ಕಂಡಕ್ಟರ್.

"ಕಂಪ್ಯೂಟರ್ ಕಣಪ್ಪ."

"ಹಂಗಾದ್ರೆ ಕೂಗಾಕಿಲ್ಲ ಬುಡು."

ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದ ವರ್ಷಗಳಲ್ಲಿ ಅವಳ ಗಂಡ ಮರಿಸ್ವಾಮಿ ಹೊಲವನ್ನು ತಮ್ಮ ರುದ್ರಪ್ರಸಾದನಿಗೆ ಬಿಟ್ಟು ಅಲ್ಲೊಂದರ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ್ದ. ಅಲ್ಲಿನ ಕೆಲಸವೆಲ್ಲ ಕಂಪ್ಯೂಟರಿಗೆ ಬಂದಾಗ, ಕಲಿಯಲೆಂದು ಮನೆಗೂ ಒಂದು ತಂದ. ಇಂಟರ್‌ನೆಟ್ ಬಂದ ಮೇಲೆ, ಶಿಫ್ಟ್ ಮುಗಿಸಿ ಬಂದವನು ಅದರ ಮುಂದೆಯೇ ಕೂರುತ್ತಿದ್ದ. ಇವಳು ಕಾಫಿ ತಂದರೆ ಪರದೆ ಬದಲಾಗುತ್ತಿತ್ತು. ಒಂದು ಸಂಜೆ ಓರಗಿತ್ತಿಯ ಎದುರಿಗೇ ಅಂದುಬಿಟ್ಟಳು:

"ಈ ವಯಸ್ನಾಗೆ ಅದ್ಯಾವಳ್ನ ನೋಡ್ತೀರಿ ಅದ್ರೊಳಗೆ? ನಾಚ್ಕೆ ಇಲ್ವಾ?"

"ರಂಭೆ ಕಣೆ. ನಿನ್ಗಿಂತ ಒಸಿ ಬೆಳ್ಳಗವ್ಳೆ," ಎಂದು ಅವನು ನಕ್ಕಿದ್ದ.

ಆಷಾಢದಲ್ಲಿ ಹಾಸಿಗೆ ಹಿಡಿದವನು ಶ್ರಾವಣ ಕಾಣಲಿಲ್ಲ. ರಕ್ತದ ಕಾಯಿಲೆ, ವರ್ಷದಿಂದ ಇದ್ದದ್ದು, ಅವರಿಗೆ ಮೊದಲೇ ಗೊತ್ತಿದ್ದರೂ ಇರಬಹುದು ಎಂದರು ಡಾಕ್ಟರು. ಆ ಮಾತು ಬಸವಲಿಂಗಮ್ಮನ ಎದೆಯಲ್ಲಿ ಕೂತಿತು. ಆ ಸಂಜೆಗಳಲ್ಲಿ ಅವನು ಒಬ್ಬನೇ ಕೂತು ತನ್ನ ಸಾವನ್ನು ಓದುತ್ತಿದ್ದನೆ? ಓರಗಿತ್ತಿಯ ಎದುರು ಇವಳಂದ ಮಾತಿಗೇ ನೊಂದು ಬಾಯಿ ಬಿಡಲಿಲ್ಲವೆ? ರುದ್ರಪ್ರಸಾದ್ ತೆರೆದು ನೋಡಿದರೆ, ಅಣ್ಣ ನೋಡಿದ್ದರ ಗುರುತನ್ನೆಲ್ಲ ಅಳಿಸಿದ್ದ. ಅಳಿಸಿದ್ದನ್ನೂ ಕೆಲವರು ಮರಳಿ ತೆಗೆದುಕೊಡುತ್ತಾರಂತೆ ಎಂದವನೂ ಅವನೇ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಹಬೀಬನ ರಿಪೇರಿ ಅಂಗಡಿ. ಅವಳ ಮಾತನ್ನೆಲ್ಲ ಕೇಳಿ ಅವನೆಂದ:

"ಅಳಿಸಿದ್ ತಕ್ಷಣ ಹೋಗಲ್ಲ ಅಕ್ಕಾ. ಆ ಜಾಗದಲ್ಲಿ ಬೇರೇದು ಬಂದು ಕೂರೋಗಂಟ ಇರ್ತದೆ. ಅವ್ರು ಹೋದ್ಮೇಲೆ ಇದಕ್ಕೆ ಬೇರೆ ಏನಾದ್ರೂ ತುಂಬಿದ್ರಾ?"

"ಏನೂ ಇಲ್ಲ ಕಣಪ್ಪ. ಬೇರೇದೇನೂ ಇಲ್ಲ."

ಹಬೀಬ್ ತಂತಿ ಜೋಡಿಸಿ ನೋಡಿದ. "ಇಷ್ಟು ದೊಡ್ಡ ವಿಡಿಯೋ ಐತಲ್ಲಕ್ಕಾ, ಇದೇನು?"

ತೆರೆದ. ಮರಿಸ್ವಾಮಿ. ವಿಭೂತಿ ಬಳಿದು, ಹೂವಿನ ನಡುವೆ ಶವವನ್ನು ಕೂರಿಸಿದ್ದರು, ಸುತ್ತ ಭಜನೆ. ಮಣ್ಣು ಮಾಡಿದ್ದು, ಆಮೇಲೆ ಶಿವಗಣಾರಾಧನೆಯ ಊಟದ ಪಂಕ್ತಿ, ಎಲ್ಲವೂ ಇತ್ತು. ಅವನ ಬಟ್ಟೆಬರೆಯನ್ನು ಹಂಚಿಬಿಟ್ಟ ಮನೆಯಲ್ಲಿ ಅವನದೆಂದು ಉಳಿದದ್ದು ಆ ಕಂಪ್ಯೂಟರು ಒಂದೇ. ವಿಡಿಯೋ ಅದರಲ್ಲೇ ಇರಲಿ ಎಂದು ಬಸವಲಿಂಗಮ್ಮನೇ ಹಟ ಹಿಡಿದು ಹಾಕಿಸಿದ್ದಳು.

"ಇದನ್ನ ಹಾಕಿಲ್ಲ ಅಂದ್ರಲ್ಲ?"

"ಬೇರೇದು ಅಂದ್ರಲ್ಲಪ್ಪ ನೀವು. ಇದು ಅವರ್ದೇ ಅಲ್ವಾ?"

ಹಬೀಬ್ ತಂತಿ ಕಳಚಿದ. ಡಬ್ಬ ಇಟ್ಟು ಹೋಗಿ, ಮುಂದಿನ ವಾರ ಬನ್ನಿ ಎಂದ.

ವಾರ ಕಳೆದು ಅವಳು ಮತ್ತೆ ಹೋದಾಗ ಅವನು ಎದ್ದು ಸ್ಟೂಲು ಕೊಟ್ಟ. ಸಿಕ್ಕಿದ್ದು ಚೂರುಗಳು: ಪೇಪರಿನ ತಲೆಬರಹದ ಅರ್ಧ, ಯಾವುದೋ ಕ್ರಿಕೆಟ್ ಸ್ಕೋರು, ಮುಖವಿಲ್ಲದ ಒಂದು ಚಿತ್ರದ ಅಂಚು.

"ಕಾಯಿಲೆ ವಿಚಾರ?"

"ಇತ್ತೋ ಇಲ್ವೋ ಹೇಳಕ್ಕಾಗಲ್ಲ ಅಕ್ಕಾ. ಆ ಜಾಗದಲ್ಲೆಲ್ಲ ಆ ವಿಡಿಯೋನೇ ಬಂದು ಕೂತೈತೆ."

ಅವಳು ಸೆರಗನ್ನು ಬಿಗಿಹಿಡಿದಳು. "ಆ ವಿಡಿಯೋ ಅಳಿಸ್ಬುಡಿ. ಅದ್ರ ಅಡೀಲಿರೋದು ಬತ್ತದೆ."

"ಅಡೀಲಿ ಏನೂ ಉಳಿದಿಲ್ಲ. ಇದೂ ಹೋಗ್ತದೆ, ಅಷ್ಟೇ."

ಬಸವಲಿಂಗಮ್ಮ ಡಬ್ಬಕ್ಕೆ ಮತ್ತೆ ಸೀರೆ ಸುತ್ತಿದಳು. ಆಮೇಲೆ ಕೇಳಿದಳು:

"ನೀವಾದ್ರೆ, ಹೆಂಡ್ತಿ ಇನ್ನೊಬ್ಬರ ಮುಂದೆ ಹಂಗಂದ್ಳು ಅಂತ, ಕಾಯಿಲೆ ಮುಚ್ಚಿಡ್ತಿದ್ರಾ?"

"ನಮ್ಮ ಸಾಬಿರಾ ದಿನಾ ಅಂತಾಳೆ..." ಎಂದು ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. "ಗೊತ್ತಿಲ್ಲ ಅಕ್ಕಾ."

ಅವಳು ಡಬ್ಬ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಬಂದಳು. ಮನೆಯಲ್ಲಿ ರುದ್ರಪ್ರಸಾದ್ ಕಾಯುತ್ತಿರುತ್ತಾನೆ, ಏನು ಸಿಕ್ತು ಅತ್ತಿಗೆ ಎಂದು ಕೇಳುತ್ತಾನೆ. ಮಾಗಡಿ ಬಸ್ಸು ಬಂತು. ಅವಳು ಏಳಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು.